ನಾನು ಹಿಡಿದುಕೊಟ್ಟ ವಿಠಲಣ್ಣ

ವಿಠಲಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಅವರ ಬಗ್ಗೆ ಈಗಾಗಲೇ ಹದಿನಾಲ್ಕು ಪುಟ ಬರೆದಾಗಿದೆ, ಇಂಗ್ಲಿಷಿನಲ್ಲಿ, ನಕಾಶೆಗಳ ಸಮೇತ. ಅದರಲ್ಲಿ ಅವರ ಊಟದ ಹೊತ್ತು ಇತ್ತು, ರಜೆಯ ದಿನಗಳಿದ್ದವು, ಶನಿವಾರ ಸಂಜೆ ಅವರು ಎಷ್ಟು ಗಂಟೆಗೆ ಕೆಲಸ ಬಿಟ್ಟು ಏಳುತ್ತಾರೆ ಎಂಬುದೂ ಇತ್ತು. ಅವರು ಎಂಥ ಮನುಷ್ಯ ಎಂಬುದೊಂದು ಇರಲಿಲ್ಲ. ಬಿಟ್ಟುಹೋದ ಆ ಭಾಗವನ್ನು ಈಗ ಬರೆಯುತ್ತಿದ್ದೇನೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ವಿಠಲಣ್ಣ ಕಾಪು ಪಡುವಿನವರು, ನಮ್ಮ ಹಾಗೆ ಮೀನು ಹಿಡಿಯುವ ಮೊಗವೀರರು. ವಯಸ್ಸು ಐವತ್ತೆಂಟು. ಹದಿನೇಳಕ್ಕೆ ಬೋಟು ಹತ್ತಿದರು. ಇಪ್ಪತ್ತನಾಲ್ಕನೇ ವರ್ಷದಲ್ಲಿ ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಎಡಗೈಯ ಎರಡು ಬೆರಳು ಸಿಕ್ಕಿ ತುಂಡಾದವು. ಆಮೇಲೆ ಸಮುದ್ರದ ಕೆಲಸ ಆಗಲಿಲ್ಲ. ಊರಿನ ಐಸ್ ಪ್ಲಾಂಟಿನ ಧಣಿ ಕರೆದು ಕೆಲಸ ಕೊಟ್ಟರು. ಮೊದಲು ಐಸ್ ಒಡೆಯುವುದು, ಆಮೇಲೆ ಮಲ್ಪೆಗೆ ಹೋಗುವ ಟೆಂಪೊಗಳಿಗೆ ತುಂಬಿಸುವುದು, ಕಡೆಗೆ ಆಫೀಸಿನ ಕುರ್ಚಿ. ಎಂಟು ವರ್ಷದ ಹಿಂದೆ ಆ ಕುರ್ಚಿಯ ಎದುರು ಒಂದು ಕಂಪ್ಯೂಟರ್ ಬಂದು ಕುಳಿತಿತು. ಐವತ್ತನೇ ವಯಸ್ಸಿನಲ್ಲಿ, ಎಂಟು ಬೆರಳಿನಲ್ಲಿ, ಅವರು ಟೈಪಿಂಗ್ ಕಲಿತರು. ಯಾವ ಬೋಟಿಗೆ ಎಷ್ಟು ಐಸ್ ಎಂದು ಬರೆಯಲು ಅಷ್ಟು ಬೆರಳು ಧಾರಾಳ ಸಾಕು ಎಂದು ಅವರೇ ನಗಾಡುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಕುರ್ಚಿಯಿಂದ ಎದ್ದರೆಂದರೆ ಕಂಪ್ಯೂಟರ್ ಬಂದ್. ಬಂದ್ ಎಂದರೆ ಬರೀ ಬಟನ್ ಒತ್ತುವುದಲ್ಲ. ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕೈಯಾರೆ ಕಿತ್ತು ಮೇಜಿನ ಮೇಲೆ ಇಡಬೇಕು. ಕಂಪ್ಯೂಟರ್ ಬಂದ ಮೊದಲ ಮಳೆಗಾಲದಲ್ಲಿ ಸಿಡಿಲು ಬಡಿದು ಪರದೆ ಸುಟ್ಟಿತ್ತು. ಧಣಿ ಬೈಯಲಿಲ್ಲ, ಸುಮ್ಮನೆ ಒಮ್ಮೆ ನೋಡಿದರು. ಆ ನೋಟ ಇವರಿಗೆ ಜನ್ಮಕ್ಕೆ ಸಾಕಾಯಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೂ ಪ್ಲಗ್ ಕಿತ್ತೇ ಹೋಗುತ್ತಿದ್ದರು.

ಕೆಲಸ ಬಿಟ್ಟರೆ ಅವರಿಗಿದ್ದದ್ದು ಭಜನಾ ಮಂದಿರ. ಶನಿವಾರ ಸಂಜೆಯ ಭಜನೆಗೆ ಮೊದಲ ಹಾಡು ವಿಠಲಣ್ಣನದೇ. ಹತ್ತೊಂಬತ್ತು ವರ್ಷ ಅವರೇ ಎತ್ತಿದ್ದರು. ದೊಡ್ಡ ಕಂಠವೇನಲ್ಲ, ಆದರೆ ಶ್ರುತಿ ಬಿಡುತ್ತಿರಲಿಲ್ಲ. ಊರಿನಲ್ಲಿ ಅವರಿಗೆ ಇದ್ದ ಆಸ್ತಿ, ಅಧಿಕಾರ, ಬಿರುದು ಎಲ್ಲವೂ ಆ ಒಂದು ಹಾಡು.

ನನ್ನ ಅಪ್ಪ ಮತ್ತು ಅವರು ಒಂದೇ ಬೋಟಿನಲ್ಲಿದ್ದವರು. ಅಪ್ಪ ಹೋದ ಮೇಲೆ ನಾನು ಶಾಲೆ ಬಿಟ್ಟವನೇ ಐಸ್ ಪ್ಲಾಂಟಿನ ಆಫೀಸಿಗೆ ಓಡುತ್ತಿದ್ದೆ, ಅಲ್ಲಿ ತಂಪು ಇರುತ್ತಿತ್ತು ಎಂದು. ಅಲ್ಲೇ ಹೋಮ್‌ವರ್ಕ್, ಅಲ್ಲೇ ಚಾ. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದಾಗ ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಹಾಸ್ಟೆಲಿನ ಮೂರನೇ ಮಹಡಿಗೆ ಏರಿಸಿದವರು ವಿಠಲಣ್ಣ. ಅವರ ಹೆಂಡತಿ ಕುಶಲಕ್ಕ ಕಟ್ಟಿಕೊಟ್ಟ ಒಣಮೀನಿನ ಚಟ್ನಿ ಆ ಟ್ರಂಕಿನಲ್ಲಿತ್ತು. ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರಲ್ಲ, ನಾನು ಎಣಿಸಿದ್ದು ಅದೇ ಮನೆಯದ್ದು.

ಈಗ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಮಣಿಪಾಲದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಹನ್ನೊಂದು ಜನ ಇದ್ದೇವೆ. ಯಜಮಾನರು ಕಾರ್ಲ್ ಸರ್. ನಾವು ಹಿಂಬಾಲಿಸುವುದು ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವ ಚಿಲ್ಲರೆ ಕಳ್ಳರನ್ನಲ್ಲ. ನಮ್ಮ ಗಿರಾಕಿಗಳು ತಾಳ್ಮೆಯವರು. ಒಂದು ಕಂಪನಿಯ ಒಳಗೆ ಸದ್ದಿಲ್ಲದೆ ಸೇರಿ, ತಿಂಗಳುಗಟ್ಟಲೆ ಅಲ್ಲೇ ಕುಳಿತು, ಪತ್ರಗಳನ್ನು ಓದಿ, ಬೇಕಾದ ಕಡತವನ್ನು ಮಾತ್ರ ಹೊರಗೆ ಸಾಗಿಸುತ್ತಾರೆ. ಅವರ ಹಿಂದೆ ಎಷ್ಟೋ ಸಲ ಒಂದು ದೇಶವೇ ನಿಂತಿರುತ್ತದೆ. ಮುಖ ಕಾಣುವುದಿಲ್ಲ, ಹೆಸರು ಗೊತ್ತಿರುವುದಿಲ್ಲ. ಹಾಗಾಗಿ ನಾವು ಅಭ್ಯಾಸಗಳನ್ನು ನೋಡುತ್ತೇವೆ. ಹೋದ ಸಲ ಬಳಸಿದ ಉಪಕರಣವನ್ನೇ ಮತ್ತೆ ಬಳಸಿದರಾ, ಅದೇ ತಪ್ಪು ಅಕ್ಷರ ಮತ್ತೆ ಬಂತಾ, ಎಷ್ಟು ಗಂಟೆಗೆ ಕೆಲಸ ಶುರು ಮಾಡುತ್ತಾರೆ, ಯಾವ ದಿನ ರಜೆ ಹಾಕುತ್ತಾರೆ. ಒಂದು ಗುಂಪು ಶುಕ್ರವಾರ ಕೆಲಸ ಮಾಡುವುದಿಲ್ಲ ಎಂದು ಗೊತ್ತಾದರೆ ಅದು ಯಾವ ಕಡೆಯದ್ದಿರಬಹುದು ಎಂದು ಒಂದು ಅಂದಾಜು ಸಿಗುತ್ತದೆ. ಕಳ್ಳನಿಗೂ ಹಬ್ಬ ಹರಿದಿನ ಉಂಟು ಎಂಬುದೇ ನಮ್ಮ ಹೊಟ್ಟೆಪಾಡು.

ಇಂಥ ಗುಂಪುಗಳಿಗೆ ಒಂದೊಂದು ಕಂಪನಿ ಒಂದೊಂದು ಬಗೆಯ ಹೆಸರಿಡುತ್ತದೆ. ಕಾರ್ಲ್ ಸರ್ ಮೀನಿನ ಹೆಸರು ಇಡುತ್ತಾರೆ. ನಾವು ಎರಡು ವರ್ಷದಿಂದ ಹಿಂಬಾಲಿಸುತ್ತಿದ್ದ ಗುಂಪಿನ ಹೆಸರು ತೊರಕೆ. ತೊರಕೆ ಮರಳಿನಡಿ ಅಡಗಿ ಕಣ್ಣು ಮಾತ್ರ ಹೊರಗಿಟ್ಟಿರುವ ಮೀನು. ತುಳಿದವನಿಗೇ ಅದು ಅಲ್ಲಿತ್ತು ಎಂದು ಗೊತ್ತಾಗುವುದು. ಹಡಗಿನ ಇಂಜಿನಿನ ಭಾಗಗಳನ್ನು ತಯಾರಿಸುವ ಮೂರು ದೇಶಗಳ ಕಂಪನಿಗಳಿಂದ ಇವರು ವಿನ್ಯಾಸದ ನಕ್ಷೆಗಳನ್ನು ಕದ್ದಿದ್ದರು. ಆ ಪೈಕಿ ಒಂದು ಕಂಪನಿ ತನ್ನ ಹತ್ತು ತಿಂಗಳ ದಾಖಲೆಯನ್ನು ನಮಗೆ ಕೊಟ್ಟಿತು. ಒಳಗೆ ಯಾರು ಬಂದರು, ಯಾವ ಇಂಟರ್ನೆಟ್ ವಿಳಾಸದಿಂದ ಬಂದರು, ಎಷ್ಟು ಹೊತ್ತಿಗೆ ಬಂದರು, ಎಲ್ಲವೂ ಅದರಲ್ಲಿತ್ತು. ಹಲವು ವಿಳಾಸಗಳ ನಡುವೆ ಒಂದು ನಮ್ಮ ಕಾಪುವಿನದ್ದು.

ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಏಕೆಂದರೆ ಅದು ಸಂತೋಷಕ್ಕೆ ಹೊಡೆದುಕೊಂಡದ್ದು. ಆ ವಿಳಾಸದಿಂದ ಬಂದ ಹೊತ್ತುಗಳನ್ನೆಲ್ಲ ಒಂದು ಕಾಗದದ ಮೇಲೆ ಸಾಲಾಗಿ ಬರೆದೆ. ಬೆಳಿಗ್ಗೆ ಐದಕ್ಕೆ ಶುರು. ಮಧ್ಯಾಹ್ನ ಒಂದರಿಂದ ಎರಡೂವರೆ ಇಲ್ಲ. ರಾತ್ರಿ ಇಲ್ಲವೇ ಇಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಪೂರಾ ಖಾಲಿ. ಕಾರ್ಲ್ ಸರ್ ಅದನ್ನು ನೋಡಿ, ಯಾವುದೋ ದೇಶದ ಬೇಸಿಗೆ ರಜೆ ಇರಬಹುದು ಎಂದರು. ನಾನು ನಕ್ಕೆ.

"ಸರ್, ಅದು ಬೇಸಿಗೆ ರಜೆ ಅಲ್ಲ. ನಮ್ಮಲ್ಲಿ ಆ ಎರಡು ತಿಂಗಳು ಬೋಟು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆಗಸ್ಟಿನಲ್ಲಿ ಈ ಒಂದು ದಿನ ಖಾಲಿ ಉಂಟು ನೋಡಿ, ಅದು ಸಮುದ್ರ ಪೂಜೆ. ಜನವರಿಯ ಈ ಎರಡು ದಿನ ನಮ್ಮ ಭಜನಾ ಮಂದಿರದ ಮಂಗಲೋತ್ಸವ."

"ಶನಿವಾರ ಆರು ಗಂಟೆಗೇ ಯಾಕೆ ನಿಲ್ಲುತ್ತದೆ?"

"ಶನಿವಾರ ಭಜನೆ ಸರ್."

ಜಗತ್ತಿನ ಯಾವ ದೊಡ್ಡ ಕಂಪನಿಯ ಸಂಶೋಧಕನಿಗೂ ಈ ಖಾಲಿ ಜಾಗಗಳು ಅರ್ಥವಾಗುತ್ತಿರಲಿಲ್ಲ. ಮೊಗವೀರರ ಮನೆಯಲ್ಲಿ ಹುಟ್ಟಿದ ನನಗೆ ಮಾತ್ರ ಅರ್ಥವಾಯಿತು. ತೊರಕೆಯ ಒಬ್ಬ ಮನುಷ್ಯ ನಮ್ಮ ಕರಾವಳಿಯಲ್ಲೇ ಕುಳಿತಿದ್ದಾನೆ ಎಂದು ನಾನು ಸಾರಿದೆ. ಆಫೀಸಿನಲ್ಲಿ ಗೋಳಿಬಜೆ ತರಿಸಿದರು. ನನ್ನ ಬೆನ್ನು ತಟ್ಟಿದವರನ್ನೆಲ್ಲ ಈಗ ನೆನೆಸಿಕೊಂಡರೆ ಬೆನ್ನು ಉರಿಯುತ್ತದೆ.

ವಿಳಾಸ ಐಸ್ ಪ್ಲಾಂಟಿನದ್ದು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದನ್ನು ಮುಟ್ಟುವವರು ಒಬ್ಬರೇ. ಆಗ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮನಸ್ಸು ಎಂಥ ವಕೀಲ ನೋಡಿ. ವಿಠಲಣ್ಣ ಐವತ್ತಕ್ಕೆ ಕಂಪ್ಯೂಟರ್ ಕಲಿತದ್ದು, ಒಬ್ಬರೇ ಕುಳಿತುಕೊಳ್ಳುವುದು, ಯಾರೊಡನೆಯೂ ಹೆಚ್ಚು ಮಾತಾಡದಿರುವುದು, ಎಲ್ಲವೂ ಸಂಶಯಕ್ಕೆ ಸಾಕ್ಷಿಯಾಗಿ ಬಂದು ನಿಂತವು. ಯಾರೋ ಹಣ ತೋರಿಸಿ ಅವರನ್ನು ಬಳಸಿಕೊಂಡಿರಬೇಕು ಎಂದು ನನಗೆ ನಾನೇ ಕಥೆ ಕಟ್ಟಿಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕಾರ್ಲ್ ಸರ್ ಕೇಳಬೇಕಾದದ್ದನ್ನು ಕೇಳಿದರು. "ಕಳ್ಳರು ಬೇರೆಲ್ಲೋ ಇದ್ದು, ಈ ಕಂಪ್ಯೂಟರಿನ ಮೂಲಕ ಹಾದುಹೋಗಿರಬಹುದು ಅಲ್ವಾ? ಮತ್ತೆ, ಆ ಮನುಷ್ಯ ನಿನಗೆ ಪರಿಚಯವಾ?"

"ಹಾದುಹೋಗುವವರಿಗೆ ಸಮುದ್ರ ಪೂಜೆಗೆ ರಜೆ ಯಾಕೆ ಸರ್?" ಎಂದೆ. ಎರಡನೆಯ ಪ್ರಶ್ನೆಗೆ, "ಊರಿನವರು, ಮುಖ ಪರಿಚಯ" ಎಂದೆ. ಟ್ರಂಕು ಹೊತ್ತವರನ್ನು ಮುಖ ಪರಿಚಯ ಮಾಡಿಬಿಟ್ಟೆ.

ಮಾರ್ಚ್ ಎರಡನೇ ವಾರ ಆ ಹದಿನಾಲ್ಕು ಪುಟದ ವರದಿ ಪೊಲೀಸರ ಕೈಗೆ ಹೋಯಿತು. ನಾಲ್ಕನೇ ದಿನ ಮಧ್ಯಾಹ್ನ, ಬೋಟಿನವರೆಲ್ಲ ಐಸಿಗೆ ನಿಂತಿದ್ದ ಹೊತ್ತಿನಲ್ಲಿ, ಜೀಪು ಬಂತು. ಕಂಪ್ಯೂಟರನ್ನು ಗೋಣಿಯಲ್ಲಿ ಕಟ್ಟಿದರು, ವಿಠಲಣ್ಣನನ್ನು ಉಡುಪಿಗೆ ಕರೆದುಕೊಂಡು ಹೋದರು. ಎರಡು ದಿನ ವಿಚಾರಣೆ. ಮೊದಲ ದಿನ ಸಂಜೆಯೇ ಅಮ್ಮ ಫೋನ್ ಮಾಡಿದಳು.

"ವಿಠಲನನ್ನು ಪೊಲೀಸರು ಕರೆದುಕೊಂಡು ಹೋದರಂತೆ ಮಗಾ. ಎಂತದೋ ಕಂಪ್ಯೂಟರಿನದ್ದಂತೆ. ನಿನಗೆ ಗೊತ್ತುಂಟಾ?"

"ಇಲ್ಲ ಅಮ್ಮ" ಎಂದೆ. ಅಷ್ಟು ಸಲೀಸಾಗಿ ಸುಳ್ಳು ಹೇಳುವವನು ನಾನು ಎಂದು ನನಗೇ ಗೊತ್ತಿರಲಿಲ್ಲ.

ಪೊಲೀಸರು ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಕೇಳಿದ್ದಕ್ಕೆಲ್ಲ ಅವರು ಗೊತ್ತಿಲ್ಲ ಎಂದರು, ನಿಜವಾಗಿಯೂ ಗೊತ್ತಿರಲಿಲ್ಲ. ಮೂರನೆಯ ದಿನ ಮನೆಗೆ ಕಳಿಸಿದರು. ಅಷ್ಟರಲ್ಲಿ ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಅಂತರರಾಷ್ಟ್ರೀಯ ಹ್ಯಾಕರ್ ಎಂದು ಅವರ ಫೋಟೊ ಓಡಾಡಿಯಾಗಿತ್ತು. ಮಂದಿರದ ಮಂಗಲೋತ್ಸವದಲ್ಲಿ ತಾಳ ಹಿಡಿದು ನಿಂತಿದ್ದ ಫೋಟೊ ಅದು. ಧಣಿ, ಸ್ವಲ್ಪ ಸಮಯ ವಿಶ್ರಾಂತಿ ತೆಗೆದುಕೋ ಎಂದರು. ಮಂದಿರದಲ್ಲಿ ಯಾರೂ ಬರಬೇಡ ಎನ್ನಲಿಲ್ಲ. ಆದರೆ ಮುಂದಿನ ಶನಿವಾರ ಅವರು ಹೋಗುವ ಮೊದಲೇ ಇನ್ನೊಬ್ಬರು ಮೊದಲ ಹಾಡು ಎತ್ತಿದ್ದರು. ವಿಠಲಣ್ಣ ಹಿಂದೆ ಬಾಗಿಲ ಬಳಿ ಕುಳಿತು, ಎಲ್ಲರ ಜೊತೆ ಹಾಡಿ, ಎದ್ದು ಬಂದರು. ಅದರ ನಂತರದ ಶನಿವಾರಗಳಲ್ಲೂ ಬಾಗಿಲ ಬಳಿಯೇ.

ತಪ್ಪು ಹೊರಬಿದ್ದದ್ದು ಏಪ್ರಿಲಿನಲ್ಲಿ. ಕಂಡುಹಿಡಿದವಳು ಹರ್ಷಿಣಿ, ಕಾರ್ಕಳದ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಐಸ್ ಪ್ಲಾಂಟಿನ ಕಂಪ್ಯೂಟರ್ ಪೊಲೀಸರ ಬಳಿ ಇದ್ದಾಗಲೂ ತೊರಕೆ ಆರಾಮವಾಗಿ ಓಡಾಡಿಕೊಂಡಿತ್ತು, ಈ ಸಲ ಕಾರ್ಕಳದ ಒಂದು ವಿಳಾಸದಿಂದ. ಅವಳು ಹೊತ್ತುಗಳ ಪಟ್ಟಿ ಮಾಡಿ ನನ್ನ ಮೇಜಿನ ಮೇಲಿಟ್ಟಳು.

"ಸುಕೇಶಣ್ಣ, ಇದು ಒಂಬತ್ತೂವರೆಗೆ ಶುರುವಾಗಿ ಒಂದಕ್ಕೆ ನಿಲ್ಲುತ್ತದೆ. ಮತ್ತೆ ನಾಲ್ಕರಿಂದ ಏಳೂವರೆ. ಆದಿತ್ಯವಾರ ಇಲ್ಲ. ನನಗೆ ಈ ಜಾಗ ಗೊತ್ತುಂಟು. ನಾನು ಹಲ್ಲಿಗೆ ಕ್ಲಿಪ್ ಹಾಕಿಸಿದ ಡಾಕ್ಟರ ಕ್ಲಿನಿಕ್."

"ಡಾಕ್ಟರೂ ತೊರಕೆಯವರಾ?" ಎಂದು ನಾನು ತಮಾಷೆ ಮಾಡಿದೆ.

ಅವಳು ನಗಲಿಲ್ಲ. "ಕ್ಲಿನಿಕ್ ಬಾಗಿಲು ಹಾಕಿದಾಗ ಕಂಪ್ಯೂಟರ್ ಆಫ್ ಆಗುತ್ತದೆ. ಆಫ್ ಆದ ಕಂಪ್ಯೂಟರಿನ ಮೂಲಕ ಕಳ್ಳರು ಹಾದುಹೋಗಲು ಆಗುವುದಿಲ್ಲ. ಇದು ಕಳ್ಳರ ಊಟದ ಹೊತ್ತಲ್ಲ, ಡಾಕ್ಟರದ್ದು. ಆ ಐಸ್ ಪ್ಲಾಂಟಿನದ್ದೂ ಹೀಗೇ ಅಲ್ವಾ?"

ಅವಳು ಇನ್ನೂ ಮಾತಾಡುತ್ತಿದ್ದಳು. ನನ್ನ ಕಣ್ಣಿಗೆ ಕಂಡದ್ದು ಮೇಜಿನ ಮೇಲಿಟ್ಟ ಆ ಪ್ಲಗ್. ಕಳ್ಳರು ಹಗಲೂ ರಾತ್ರಿ ಆ ಬಾಗಿಲು ತಟ್ಟುತ್ತಲೇ ಇದ್ದರು. ಪ್ಲಗ್ ಹಾಕಿದ್ದಾಗ ಮಾತ್ರ ಅದು ತೆರೆಯುತ್ತಿತ್ತು. ಐಸ್ ಪ್ಲಾಂಟ್ ಮುಚ್ಚಿರುವ ಜೂನ್ ಜುಲೈಯಲ್ಲಿ ಅವರು ಬೇರೆ ವಿಳಾಸಗಳಿಂದ ಬಂದಿದ್ದರು. ಅದು ದಾಖಲೆಯಲ್ಲೇ ಇತ್ತು, ಸಂಬಂಧವಿಲ್ಲ ಎಂದು ನಾನೇ ಬದಿಗಿಟ್ಟಿದ್ದೆ. ಹತ್ತು ತಿಂಗಳ ದಾಖಲೆಯಲ್ಲಿ ನಾನು ಬಿಡದೆ ಹಿಂಬಾಲಿಸಿದ್ದು ಒಬ್ಬ ಪ್ರಾಮಾಣಿಕ ಗುಮಾಸ್ತ ಊಟಕ್ಕೆ ಏಳುವುದನ್ನು, ಭಜನೆಗೆ ಹೋಗುವುದನ್ನು.

ಇಷ್ಟಕ್ಕೇ ಮುಗಿಯಲಿಲ್ಲ. ಕಳ್ಳರು ಒಳಗೆ ಬಂದದ್ದು ಹೇಗೆ ಎಂದು ಹರ್ಷಿಣಿ ಹುಡುಕಿದಳು. ಎಂಟು ವರ್ಷದ ಹಿಂದೆ ಯಾರೋ ಆ ಕಂಪ್ಯೂಟರನ್ನು ಹೊರಗಿನಿಂದ ತೆರೆಯುವ ಹಾಗೆ ಮಾಡಿಟ್ಟಿದ್ದರು, ಪಾಸ್‌ವರ್ಡ್ ಮಗುವಿಗೂ ಊಹಿಸಲು ಬರುವಂಥದ್ದು. ಆ ಯಾರೋ ನಾನೇ. ಪ್ರಿಂಟರ್ ಕೈಕೊಟ್ಟಾಗಲೆಲ್ಲ ವಿಠಲಣ್ಣ ಫೋನ್ ಮಾಡುತ್ತಿದ್ದರು. ಪ್ರತಿ ಸಲ ಕಾಪುವಿಗೆ ಬರಲು ಸೋಮಾರಿತನವಾಗಿ, ನಿಟ್ಟೆಯ ಹಾಸ್ಟೆಲಿನಿಂದಲೇ ಸರಿಮಾಡಿಕೊಡಲು ಆ ದಾರಿ ಮಾಡಿಕೊಂಡಿದ್ದೆ. ಕೆಲಸ ಸಿಕ್ಕಿತು, ದಾರಿ ಮುಚ್ಚುವುದು ಮರೆತೆ.

ಕಾರ್ಲ್ ಸರ್ ಅಂದೇ ಪೊಲೀಸರಿಗೆ ತಿದ್ದಿದ ವರದಿ ಕಳಿಸಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಒಂದು ಪತ್ರ ವಿಠಲಣ್ಣನ ಮನೆಗೂ ಹೋಯಿತು, ಕನ್ನಡದಲ್ಲಿ, ತಮಗೂ ಈ ಪ್ರಕರಣಕ್ಕೂ ಸಂಬಂಧವಿಲ್ಲವೆಂದು ಖಚಿತವಾಗಿದೆ ಎಂದು. ಕೆಳಗೆ ಇಬ್ಬರ ಸಹಿ, ಒಂದು ನನ್ನದು. "ನೀನೇ ಹೋಗಿ ಹೇಳು" ಎಂದು ಕಾರ್ಲ್ ಸರ್ ಹೇಳಿದ್ದರು. ಮೇ ಹೋಯಿತು, ಜೂನ್ ಹೋಯಿತು. ಊರಿಗೆ ಹೋದರೆ ಐಸ್ ಪ್ಲಾಂಟಿನ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ. ಪತ್ರ ಹೋಗಿದೆಯಲ್ಲ, ಇನ್ನೆಂತ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಕಡೆಗೆ ಆಗಸ್ಟಿನಲ್ಲಿ ಅಮ್ಮ ಹೇಳಿದಳು, ಬೋಟುಗಳು ಇಳಿದರೂ ಧಣಿ ವಿಠಲನನ್ನು ಕರೆಯಲಿಲ್ಲ, ಕುಶಲಾ ಮೀನು ಮಾರುವಲ್ಲಿಗೆ ಅವನೇ ಬುಟ್ಟಿ ಹೊತ್ತುಕೊಂಡು ಹೋಗುತ್ತಾನೆ ಎಂದು. ಮರುದಿನವೇ ಹೋದೆ.

ಮನೆಯ ಜಗಲಿಯಲ್ಲಿ ಕುಳಿತಿದ್ದರು. ಸೊರಗಿಹೋಗಿದ್ದರು. ನನ್ನನ್ನು ಕಂಡು ಎದ್ದುನಿಂತರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾ ಮಾರಾಯ. ನಿನ್ನ ಪತ್ರ ಬಂತು. ಸಹಿ ನೋಡಿದೆ. ಎಲ್ಲರಿಗೂ ತೋರಿಸಿದೆ, ನಮ್ಮ ಸುಕೇಶ ಅಲ್ಲಿ ಇದ್ದದ್ದಕ್ಕೆ ನಾನು ಉಳಿದೆ ಅಂತ." ಒಳಗೆ ತಿರುಗಿ, "ಕುಶಲಾ, ಯಾರು ಬಂದದ್ದು ನೋಡು" ಎಂದು ಕರೆದರು.

ಭೂಮಿ ಬಾಯಿ ಬಿಡಬಾರದೇ ಎನ್ನುವುದು ಬರೀ ಮಾತಲ್ಲ ಎಂದು ಆಗ ಗೊತ್ತಾಯಿತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಪಟ್ಟಿ ಮಾಡಿದ್ದು, ನಕ್ಕದ್ದು, ಗೋಳಿಬಜೆ ತಿಂದದ್ದು, ಪೊಲೀಸರಿಗೆ ಕೊಟ್ಟದ್ದು, ಹಾಸ್ಟೆಲಿನಿಂದ ಮಾಡಿಟ್ಟ ದಾರಿ. ಮುಖ ಪರಿಚಯ ಎಂದದ್ದನ್ನೂ ಹೇಳಿದೆ. ವಿಠಲಣ್ಣ ಮತ್ತೆ ಜಗಲಿಯಲ್ಲಿ ಕುಳಿತರು.

"ನನ್ನ ನಂಬರ್ ನಿನ್ನ ಹತ್ತಿರ ಇರಲಿಲ್ವಾ?" ಎಂದು ಕೇಳಿದರು.

"ಇತ್ತು."

"ಒಂದು ಫೋನ್ ಮಾಡಿ ಕೇಳಬಹುದಿತ್ತು. ವಿಠಲಣ್ಣ, ಇಂಥದ್ದು ನೀವು ಮಾಡುತ್ತೀರಾ ಅಂತ. ಇಲ್ಲ ಅಂತ ಹೇಳುತ್ತಿದ್ದೆ."

ಕಳ್ಳನನ್ನು ಕೇಳಿ ಹಿಡಿಯುವುದುಂಟೇ ಎಂದು ನಮ್ಮ ಕೆಲಸದಲ್ಲಿ ಹೇಳುತ್ತೇವೆ. ಅವರ ಎದುರು ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಕುಶಲಕ್ಕ ಅಳಲಿಲ್ಲ, ಶಪಿಸಲಿಲ್ಲ.

"ಇಲ್ಲಿ ಹೇಳಿದ್ದು ಸಾಕಾಗುವುದಿಲ್ಲ" ಎಂದರು. "ಪತ್ರವನ್ನು ಇವರು ಮನೆಮನೆಗೆ ಹಿಡಿದುಕೊಂಡು ಹೋದರು. ಜನ ಓದಿ ಹೌದಾ ಅಂತ ಹೇಳಿ ವಾಪಸ್ಸು ಕೊಟ್ಟರು. ಯಾರೂ ನಂಬಲಿಲ್ಲ. ಶನಿವಾರ ಮಂದಿರಕ್ಕೆ ಬಾ. ಅವರೆಲ್ಲರ ಎದುರು ಹೇಳು."

ಶನಿವಾರ ಆರೂವರೆಗೆ ಹೋದೆ. ಮಂದಿರ ತುಂಬಿತ್ತು. ಗುರಿಕಾರ ಧರ್ಮಪಾಲಣ್ಣ, ನಮ್ಮ ಗ್ರಾಮದ ಹಿರಿಯರು, ಭಜನೆಗೆ ಮೊದಲು ಮಾತಾಡಲು ಅವಕಾಶ ಕೊಟ್ಟರು. ವಿಠಲಣ್ಣ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು, ಕುಶಲಕ್ಕ ಹೆಂಗಸರ ಸಾಲಿನಲ್ಲಿದ್ದರು. ನಾನು ದೇವರ ಪಟದ ಬದಿಯಲ್ಲಿ ನಿಂತು ಒಂದೂ ಬಿಡದೆ ಹೇಳಿದೆ. ತಪ್ಪು ಕಂಪ್ಯೂಟರಿನದ್ದಲ್ಲ, ಪೊಲೀಸರದ್ದಲ್ಲ, ನನ್ನದು ಎಂದೆ. ವಿಠಲಣ್ಣ ಏನೂ ಮಾಡಿಲ್ಲ ಎಂದೆ. ಉಗುಳಲಿ, ಎದ್ದು ಹೊಡೆಯಲಿ ಎಂದು ಒಳಗೊಳಗೇ ಬಯಸಿದ್ದೆ.

ಧರ್ಮಪಾಲಣ್ಣ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ತಪ್ಪು ಯಾರಿಂದ ಆಗುವುದಿಲ್ಲ ಹೇಳಿ. ಅದನ್ನು ಹತ್ತು ಜನರ ಎದುರು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಕಲಿತ ಹುಡುಗರು ಹೀಗಿರಬೇಕು. ನಮ್ಮ ಸಮಾಜಕ್ಕೆ ಇವನು ಹೆಮ್ಮೆ. ಒಂದು ಕುರ್ಚಿ ತನ್ನಿ, ಕುಳಿತುಕೊಳ್ಳಲಿ."

ಯಾರೋ ಚಪ್ಪಾಳೆ ತಟ್ಟಿದರು, ಉಳಿದವರು ಸೇರಿಕೊಂಡರು. ಕುರ್ಚಿ ಬಂತು, ನನ್ನನ್ನು ಕೈಹಿಡಿದು ಅದರಲ್ಲಿ ಕೂರಿಸಿದರು. ಚಪ್ಪಾಳೆ ತಟ್ಟುತ್ತಿದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು, ಬಾಗಿಲ ಕಡೆ ಯಾರೂ ತಿರುಗಲಿಲ್ಲ. ಚಪ್ಪಾಳೆ ನಿಂತ ಮೇಲೆ ಹೆಂಗಸರ ಸಾಲಿನಿಂದ ಕುಶಲಕ್ಕನ ಮಾತು ಕೇಳಿಸಿತು. ಗಟ್ಟಿಯಾಗಿ ಹೇಳಲಿಲ್ಲ, ಪಕ್ಕದವರಿಗೆ ಹೇಳುವ ಹಾಗೆ ಹೇಳಿದರು.

"ಮಾಡಿದವನಿಗೆ ಕುರ್ಚಿ ಕೊಡಲು ಎರಡು ನಿಮಿಷ ಸಾಕಾಯಿತು. ಮಾಡದವರನ್ನು ಐದು ತಿಂಗಳು ಬಾಗಿಲಲ್ಲಿ ಕೂರಿಸಿದಿರಿ."

ಧರ್ಮಪಾಲಣ್ಣ ಗಂಟಲು ಸರಿಮಾಡಿಕೊಂಡು, "ವಿಠಲ, ಮುಂದೆ ಬಾ. ಮೊದಲ ಹಾಡು ಇವತ್ತು ನೀನೇ ಎತ್ತು" ಎಂದರು. ವಿಠಲಣ್ಣ ಎದ್ದುನಿಂತು ದೇವರಿಗೆ ಕೈಮುಗಿದರು. ಆಮೇಲೆ ಹೊರಗೆ ಹೋಗಿ, ಚಪ್ಪಲಿ ಹಾಕಿಕೊಂಡು, ಮಳೆಯಲ್ಲೇ ಮನೆಯ ಕಡೆ ನಡೆದರು. ಕುಶಲಕ್ಕ ಕೊಡೆ ಬಿಚ್ಚುತ್ತಾ ಹಿಂದೆ ಹೋದರು. ಹೋಗಿ ಅವರನ್ನು ತಡೆಯಬೇಕಾದವನು ನಾನೇ. ಆದರೆ ನಾನು ಆ ಕುರ್ಚಿಯಿಂದ ಏಳಲಿಲ್ಲ.